ತಾರಸಿಯ ಸೋಲಾರ್‌ಗೆ ಟ್ಯಾಕ್ಸ್ ಬಿಡುವುದಿಲ್ಲ, ಮಾರ್ಚ್‌ನಲ್ಲಿ ಹಾಕಿಸಿದರೂ ಇಲ್ಲ

ಮಾರ್ಚ್ ತಿಂಗಳಲ್ಲಿ ಆಡಿಟರ್ ಕಚೇರಿಗೆ ಬರುವ ಮನೆ ಮಾಲೀಕರ ಫೈಲಿನಲ್ಲಿ ಈಗೀಗ ಎಲ್‌ಐಸಿ ರಸೀದಿಯ ಜೊತೆ ಒಂದು ಸೋಲಾರ್ ಕೊಟೇಶನ್ನೂ ಇರುತ್ತದೆ. ಪ್ರಶ್ನೆಯಂತೂ ತಪ್ಪುವುದೇ ಇಲ್ಲ: “ಸಾರ್, ಮೂವತ್ತೊಂದರೊಳಗೆ ಹಾಕಿಸಿಬಿಟ್ರೆ ಟ್ಯಾಕ್ಸಲ್ಲಿ ಎಷ್ಟು ಬಿಡ್ತಾರೆ?”

ಏನೂ ಬಿಡುವುದಿಲ್ಲ. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲೂ ಇಲ್ಲ, ಹೊಸ ಪದ್ಧತಿಯಲ್ಲೂ ಇಲ್ಲ. ನೀವು ವಾಸವಿರುವ ಮನೆಯ ತಾರಸಿಗೆ ಸೋಲಾರ್ ಹಾಕಿಸಿದ ಖರ್ಚನ್ನು ಆದಾಯದಿಂದ ಕಳೆಯಲು ನಮ್ಮ ಕಾನೂನಿನಲ್ಲಿ ಒಂದು ಸೆಕ್ಷನ್ನೂ ಇಲ್ಲ. ಎಲ್‌ಐಸಿಯಂಥ ಉಳಿತಾಯಕ್ಕೆ ಬಿಡುವ 80ಸಿ ಪಟ್ಟಿಯಲ್ಲಿ ಅದು ಬರುವುದಿಲ್ಲ, ಬೇರೆಲ್ಲೋ ಸೇರಿಸಿ ಕೊಡುತ್ತೇನೆ ಎನ್ನುವವರಿಂದ ದೂರವಿರಿ. ನೋಟಿಸ್ ಬರುವುದು ಅವರ ವಿಳಾಸಕ್ಕಲ್ಲ.

ಇಷ್ಟು ಹೇಳಿದರೂ ಜನ ನಂಬುವುದಿಲ್ಲ. “ಇಲ್ಲ ಸಾರ್, ಇದೆಯಂತೆ” ಎನ್ನುತ್ತಾರೆ. ಈ ‘ಅಂತೆ’ಗಳು ಎಲ್ಲೆಲ್ಲಿಂದ ಬರುತ್ತವೆ ಎಂದು ನೋಡಿದರೆ ಪಾಪ, ಅವರ ತಪ್ಪೂ ಅಷ್ಟಿಲ್ಲ.

ಮೊದಲನೆಯದು ಅಮೆರಿಕದಿಂದ ಬಂದದ್ದು. ಅಲ್ಲಿ ಮನೆಗೆ ಸೋಲಾರ್ ಹಾಕಿಸಿದರೆ ಖರ್ಚಿನ ಶೇ. 30ರಷ್ಟನ್ನು ಕಟ್ಟಬೇಕಾದ ತೆರಿಗೆಯಲ್ಲೇ ಮುರಿದುಕೊಳ್ಳುವ ಸೌಲಭ್ಯವಿತ್ತು. ಮಗ ಟೆಕ್ಸಾಸ್‌ನಲ್ಲಿ ಹಾಕಿಸಿ ಲಾಭ ಪಡೆದದ್ದನ್ನು ಮೈಸೂರಿನ ಅಪ್ಪನಿಗೆ ಫೋನಿನಲ್ಲಿ ಹೇಳುತ್ತಾನೆ. ಅಪ್ಪ ಅದು ಕುವೆಂಪುನಗರಕ್ಕೂ ಅನ್ವಯಿಸುತ್ತದೆ ಎಂದುಕೊಳ್ಳುತ್ತಾರೆ. ಅದು ಅಮೆರಿಕದಲ್ಲಿರುವ ಮನೆಗೆ ಮಾತ್ರ ಇದ್ದದ್ದು. ಅಲ್ಲೂ 2025ರ ಡಿಸೆಂಬರ್ 31ರ ನಂತರದ ಖರ್ಚಿಗೆ ಅದು ನಿಂತುಹೋಗಿದೆ.

ಎರಡನೆಯದು ಇಲ್ಲಿನದೇ: ಶೇ. 40ರ ಸವಕಳಿ, ಅಂದರೆ ಉಪಕರಣ ಹಳತಾಗುವುದಕ್ಕೆಂದು ವರ್ಷವರ್ಷ ಲಾಭದಿಂದ ಕಳೆಯುವ ಮೊತ್ತ. ಇದು ನಿಜ, ಆದರೆ ವ್ಯಾಪಾರಕ್ಕೆ ಬಳಸುವ ಸೋಲಾರ್‌ಗೆ. ಮೂರನೆಯದು ಎಲೆಕ್ಟ್ರಿಕ್ ವಾಹನದ ಸಾಲದ ಬಡ್ಡಿಗೆ ಇದ್ದ 80ಇಇಬಿ. ‘ಹಸಿರು’ ಎಂದರೆ ಎಲ್ಲವೂ ಒಂದೇ ಎಂದು ಅದನ್ನು ಸೋಲಾರ್‌ಗೂ ಅಂಟಿಸುತ್ತಾರೆ. ಅದಾದರೂ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕಷ್ಟೇ.

ಎಲ್ಲಕ್ಕಿಂತ ದೊಡ್ಡ ಗೊಂದಲ ಸಬ್ಸಿಡಿಯದು. ಮನೆ ತಾರಸಿಯ ಸೋಲಾರ್‌ಗೆ ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000. ಐದು ಕಿಲೋವಾಟ್ ಹಾಕಿಸಿದರೂ 78,000ವೇ. ಈ ಹಣ ನಿಮ್ಮ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ; ಟ್ಯಾಕ್ಸ್ ರಿಟರ್ನ್‌ಗೂ ಅದಕ್ಕೂ ಸಂಬಂಧವಿಲ್ಲ. ಒಂದು ಪೈಸೆ ತೆರಿಗೆ ಕಟ್ಟದವರಿಗೂ ಅಷ್ಟೇ ಸಿಗುತ್ತದೆ, ಹತ್ತು ಲಕ್ಷ ಕಟ್ಟುವವರಿಗೂ ಅಷ್ಟೇ. ಯೋಜನೆಯ ಅವಧಿ 2026-27ರವರೆಗೆ ಇರುವುದರಿಂದ 2026ರ ಮಾರ್ಚ್ 31 ಅದಕ್ಕೆ ಗಡುವೂ ಅಲ್ಲ. “ಸಬ್ಸಿಡಿ ಟ್ಯಾಕ್ಸಲ್ಲಿ ಅಡ್ಜಸ್ಟ್ ಆಗುತ್ತೆ” ಎಂದು ಯಾವ ಮಾರಾಟಗಾರನಾದರೂ ಹೇಳಿದರೆ, ಅವನಿಗೆ ಎರಡೂ ಗೊತ್ತಿಲ್ಲ ಎಂದು ತಿಳಿಯಿರಿ.

ಹಾಗಾದರೆ ಸೋಲಾರ್ ಬೇಡವೇ? ಬೇಕು, ಬಹಳ ಮನೆಗಳಿಗೆ ಒಳ್ಳೆಯದೇ. ಆದರೆ ಲೆಕ್ಕ ಹಾಕಬೇಕಾದದ್ದು ಸಂಬಳದ ತೆರಿಗೆ ಪತ್ರವಾದ ಫಾರಂ 16 ಮುಂದಿಟ್ಟುಕೊಂಡಲ್ಲ, ಹಿಂದಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ ಮುಂದಿಟ್ಟುಕೊಂಡು.

ತಿಂಗಳಿಗೆ 350 ಯೂನಿಟ್ ಉರಿಸುವ, 3 ಕಿಲೋವಾಟ್ ಲೋಡ್ ಇರುವ ಮನೆ ತೆಗೆದುಕೊಳ್ಳಿ. 2025-26ರ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 2,030; ವಿದ್ಯುತ್ ನೌಕರರ ಪಿಂಚಣಿ ಬಾಬ್ತಿನ ಸರ್‌ಚಾರ್ಜ್ 36 ಪೈಸೆಯಂತೆ 126; ಶೇ. 9 ವಿದ್ಯುತ್ ತೆರಿಗೆ 183. ಇವೆಲ್ಲ ಸೇರಿ ಸುಮಾರು 2,340. ಇದರ ಮೇಲೆ ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕ 435. ಒಂದು ಕಿಲೋವಾಟ್ ಸೋಲಾರ್ ನಮ್ಮಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮಳೆಗಾಲದಲ್ಲಿ ಇಳಿಯುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ ಏರುತ್ತದೆ. 3 ಕಿಲೋವಾಟ್‌ಗೆ 540 ವಾಟ್‌ನ ಆರು ಪ್ಯಾನೆಲ್, ನೆರಳಿಲ್ಲದ 300 ಚದರಡಿ ಜಾಗ. ತಿಂಗಳಿಗೆ 350 ಯೂನಿಟ್ ಆಸುಪಾಸು. ಅಂದರೆ ಉಳಿಯುವುದು ಆ 2,340ರ ಭಾಗ ಮಾತ್ರ; 435 ಹಾಗೆಯೇ ಬರುತ್ತಿರುತ್ತದೆ. ಇದನ್ನು ಮೊದಲೇ ತಿಳಿಯದವರು ಮೊದಲ ಬಿಲ್ ನೋಡಿ “ಜೀರೋ ಬರುತ್ತೆ ಅಂದಿದ್ರಲ್ಲ” ಎಂದು ಜಗಳಕ್ಕೆ ನಿಲ್ಲುತ್ತಾರೆ.

ಕೊಟೇಶನ್ 1,90,000 ಎಂದಿಟ್ಟುಕೊಳ್ಳೋಣ. ಸಬ್ಸಿಡಿ ಕಳೆದರೆ 1,12,000. ವರ್ಷಕ್ಕೆ 27,000 ಚಿಲ್ಲರೆ ಉಳಿದರೆ ನಾಲ್ಕು ವರ್ಷ ಮೇಲೊಂದಿಷ್ಟು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್. ಈ ಲೆಕ್ಕ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಇದಕ್ಕೆ ಇಲ್ಲದ ತೆರಿಗೆ ಉಳಿತಾಯವನ್ನು ಯಾಕೆ ಸೇರಿಸುತ್ತಾರೋ! ಶೇ. 30 ಎಂದು 57,000 ಸೇರಿಸಿಕೊಂಡವರ ಲೆಕ್ಕದಲ್ಲಿ ಎರಡೇ ವರ್ಷಕ್ಕೆ ಬಂಡವಾಳ ವಾಪಸ್ ಬಂದುಬಿಡುತ್ತದೆ. ಆ ಉಮೇದಿನಲ್ಲಿ ಬೇಕಿಲ್ಲದ 5 ಕಿಲೋವಾಟ್ ಹಾಕಿಸುತ್ತಾರೆ. ಹೆಚ್ಚುವರಿ ಯೂನಿಟ್‌ಗೆ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕೊಡುವ ದರ ನೀವು ಕಟ್ಟುವ ದರಕ್ಕಿಂತ ಕಡಿಮೆ, ಆದ್ದರಿಂದ ಮಾರಾಟಕ್ಕೆಂದು ದೊಡ್ಡದು ಹಾಕಿಸುವುದರಲ್ಲಿ ಹುರುಳಿಲ್ಲ.

ಎರಡು ಕಡೆ ಈ ಲೆಕ್ಕವೇ ತಲೆಕೆಳಗಾಗುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುತ್ತಿದ್ದರೆ ಸೋಲಾರ್ ಉಳಿಸುವುದಾದರೂ ಏನನ್ನು? 120 ಯೂನಿಟ್ ಬಳಸುವ ನಿವೃತ್ತ ದಂಪತಿಗೆ ನಾನು ಈಗ ಬೇಡ ಎಂದೇ ಹೇಳುತ್ತೇನೆ. ಇನ್ನೊಂದು, ಮಂಜೂರಾದ ಲೋಡ್ 1 ಕಿಲೋವಾಟ್ ಇದ್ದು ಸೋಲಾರ್‌ಗಾಗಿ 3ಕ್ಕೆ ಏರಿದರೆ ನಿಗದಿತ ಶುಲ್ಕ 145ರಿಂದ 435ಕ್ಕೆ ಹೋಗುತ್ತದೆ. ವರ್ಷಕ್ಕೆ 3,480 ಹೆಚ್ಚು. ಕೊಟೇಶನ್‌ನಲ್ಲಿ ಈ ಸಾಲು ಇರುವುದಿಲ್ಲ.

ಕೊಟೇಶನ್ ಹಳೆಯದಾಗಿದ್ದರೆ ಜಿಎಸ್‌ಟಿ ಸಾಲನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣದ ಮೇಲಿನ ದರ ಶೇ. 12ರಿಂದ 5ಕ್ಕೆ ಇಳಿದಿದೆ. ಅಳವಡಿಕೆಯೂ ಸೇರಿದ ಗುತ್ತಿಗೆಯಲ್ಲಿ ಶೇ. 70 ಸಾಮಗ್ರಿ, ಶೇ. 30 ಸೇವೆ ಎಂದು ಹಿಡಿಯುವುದರಿಂದ ಒಟ್ಟು ಹೊರೆ ಶೇ. 13.8 ಇದ್ದದ್ದು 8.9 ಆಗಿದೆ. ನಿಜವಾದ ತೆರಿಗೆ ಉಳಿತಾಯ ಬೇಕೆಂದರೆ ಇಲ್ಲಿದೆ, ಕೇಳಿ ಪಡೆಯಿರಿ.

ಅಂಗಡಿಯವರ ವಿಷಯ ಬೇರೆ. ವ್ಯಾಪಾರದ ಮೀಟರಿಗೆ ಜೋಡಿಸಿದ ಸೋಲಾರ್‌ಗೆ ಶೇ. 40 ಸವಕಳಿ ಸಿಗುತ್ತದೆ, ಆದರೆ 78,000ದ ಸಬ್ಸಿಡಿ ಮನೆ ಮೀಟರಿಗೆ ಮಾತ್ರ. ಎರಡೂ ಬೇಕು ಎಂದರೆ ಆಗದು. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ, ಅಂದರೆ ಶೇ. 20. 2025-26ಕ್ಕೆ ಪೂರ್ತಿ ಸಿಗಬೇಕಿದ್ದರೆ ಅಕ್ಟೋಬರ್ 3ರೊಳಗೆ ಚಾಲೂ ಆಗಿರಬೇಕಿತ್ತು. ಅರ್ಧವಾದರೂ ಸಿಗಲು ಮಾರ್ಚ್ 31ರೊಳಗೆ ಬಿಲ್ ಮಾಡಿಸಿಕೊಂಡರೆ ಸಾಲದು, ವಿದ್ಯುತ್ ಉತ್ಪಾದನೆ ಶುರುವಾಗಿರಬೇಕು. ಇನ್ನು ಅಂದಾಜು ಲಾಭದ ಸೆಕ್ಷನ್ ಆದ 44ಎಡಿಯಲ್ಲಿ ವಹಿವಾಟಿನ ಶೇ. 6 ಅಥವಾ 8 ಲಾಭ ತೋರಿಸುವ ಸಣ್ಣ ವ್ಯಾಪಾರಿಗೆ ಇದೊಂದೂ ಇಲ್ಲ. ಸವಕಳಿ ಅದರಲ್ಲೇ ಸೇರಿಹೋಗಿದೆ ಎಂದು ಕಾನೂನು ಹೇಳುತ್ತದೆ.

“ಬಾಡಿಗೆ ಕೊಟ್ಟ ಮನೆಗೆ ಹಾಕಿಸಿದ್ರೆ ಖರ್ಚು ತೋರಿಸಬಹುದಲ್ವಾ?” ಜಾಣ ಪ್ರಶ್ನೆ. ಉತ್ತರ ಅದಕ್ಕೂ ಇಲ್ಲವೇ. ಬಾಡಿಗೆ ಆದಾಯದಲ್ಲಿ ರಿಪೇರಿ, ಪೇಂಟು, ಮೋಟಾರು ಎಂದು ಬಿಡಿಬಿಡಿಯಾಗಿ ತೋರಿಸುವ ಪದ್ಧತಿಯೇ ಇಲ್ಲ. ಖರ್ಚು ಮಾಡಿ, ಬಿಡಿ, ಶೇ. 30 ಸಾರಾಸಗಟಾಗಿ ಕಳೆಯುತ್ತಾರೆ.

ಸೋಲಾರ್‌ಗೆ ತೆಗೆದ ಸಾಲದ ಬಡ್ಡಿಯೂ ಗೃಹಸಾಲದ ಬಡ್ಡಿಯಲ್ಲ. ಗೃಹಸಾಲದ ಬಡ್ಡಿಗೆ ಬಿಡುವ ಸೆಕ್ಷನ್ 24(ಬಿ)ಯಲ್ಲಿ ಖರೀದಿ, ನಿರ್ಮಾಣ, ದುರಸ್ತಿ, ನವೀಕರಣ, ಪುನರ್ನಿರ್ಮಾಣ ಎಂದಿದೆ. ಕಟ್ಟಿ ಮುಗಿದ ಮನೆಯ ಮೇಲೆ ಪ್ಯಾನೆಲ್ ಕೂರಿಸುವುದನ್ನು ದುರಸ್ತಿ ಎಂದು ವಾದಿಸಲು ನಾನಂತೂ ಸಲಹೆ ಕೊಡುವುದಿಲ್ಲ. ಹೊಸ ಮನೆ ಕಟ್ಟುವಾಗಲೇ ಎಂಜಿನಿಯರ್ ಎಸ್ಟಿಮೇಟ್‌ನಲ್ಲಿ ಸೋಲಾರ್ ಸೇರಿ, ಗೃಹಸಾಲ ಆ ಎಸ್ಟಿಮೇಟ್‌ಗೇ ಮಂಜೂರಾಗಿದ್ದರೆ ಮಾತು ಬೇರೆ. ಮನೆ ಕಟ್ಟುತ್ತಿರುವವರು ಇದನ್ನು ಗಮನಿಸಬಹುದು. ಮುಂದೆ ಮನೆ ಮಾರುವಾಗ ಸೋಲಾರ್ ಖರ್ಚನ್ನು ಅಭಿವೃದ್ಧಿ ವೆಚ್ಚವೆಂದು ತೋರಿಸುವ ಅವಕಾಶ ಸಿಗಬಹುದು. ಖಚಿತ ಎನ್ನಲಾರೆ, ಆದರೆ ಬಿಲ್ ಎಸೆಯಬೇಡಿ.

ಮಾರ್ಚ್ 31 ನಿಜಕ್ಕೂ ಗಡುವಾಗಿರುವ ಕೆಲಸಗಳು ಬೇರೆ ಇವೆ, ಅವನ್ನು ಯಾರೂ ಕೇಳುವುದಿಲ್ಲ.

ಮೇಲಿನ ಮಹಡಿ ಬಾಡಿಗೆಗೆ ಕೊಟ್ಟವರು ಮನೆ ಕಂದಾಯವನ್ನು ಮಾರ್ಚ್ 31ರೊಳಗೇ ಕಟ್ಟಿಬಿಡಿ. ಬಾಡಿಗೆಯಿಂದ ಕಂದಾಯ ಕಳೆಯುವುದು ಯಾವ ವರ್ಷದ್ದು ಎಂಬುದರ ಮೇಲಲ್ಲ, ಯಾವ ವರ್ಷ ಕಟ್ಟಿದಿರಿ ಎಂಬುದರ ಮೇಲೆ. ಮೂರು ವರ್ಷದ ಬಾಕಿ 24,000 ಇದ್ದು, ಮನೆಯ ಅರ್ಧ ಬಾಡಿಗೆಗಿದ್ದರೆ, ಈಗ ಕಟ್ಟಿದಾಗ ಅದರ ಅರ್ಧ 12,000 ಪೂರ್ತಿ ಈ ವರ್ಷವೇ ಕಳೆಯುತ್ತದೆ. ವರ್ಷದ ಬಾಡಿಗೆ 2,16,000 ಎಂದರೆ ಉಳಿದದ್ದು 2,04,000, ಅದರಲ್ಲಿ ಶೇ. 30, ಅಂದರೆ 61,200 ಹೋಗಿ, ತೆರಿಗೆಗೆ ಸಿಗುವ ಮೊತ್ತ 1,42,800. ಹೊಸ ಪದ್ಧತಿಯಲ್ಲೂ ಇದು ಉಂಟು. ಏಪ್ರಿಲ್ 2ಕ್ಕೆ ಕಟ್ಟಿದರೆ ಮುಂದಿನ ವರ್ಷದ ಪಾಲು.

ಇನ್ನೊಂದು ಗುಂಪಿದೆ, ಅವರ ಬಗ್ಗೆ ನನಗೆ ನಿಜವಾಗಿ ಚಿಂತೆ. 2020ರ ಏಪ್ರಿಲ್‌ನಿಂದ 2021ರ ಮಾರ್ಚ್ ನಡುವೆ ಗೃಹಸಾಲ ತೆಗೆದು, ಕೊರೊನಾ, ಕೂಲಿಯವರ ಕೊರತೆ, ಅಣ್ಣತಮ್ಮಂದಿರ ವ್ಯಾಜ್ಯ ಎಂದು ಮನೆ ಇನ್ನೂ ಮುಗಿಸದವರು. ಸಾಲ ತೆಗೆದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಮನೆ ಪೂರ್ಣವಾಗಬೇಕು. ಇವರಿಗೆ ಆ ದಿನ 2026ರ ಮಾರ್ಚ್ 31. ದಾಟಿದರೆ ಹಳೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಸಿಗುವ ವರ್ಷಕ್ಕೆ 2 ಲಕ್ಷದ ಬಡ್ಡಿ ಮಿತಿ 30,000ಕ್ಕೆ ಕುಸಿಯುತ್ತದೆ. ಈ ವರ್ಷಕ್ಕಲ್ಲ, ಆ ಸಾಲ ತೀರುವವರೆಗೂ. ಪೂರ್ಣವಾದದ್ದಕ್ಕೆ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ, ಕಾಯಂ ಕರೆಂಟ್ ಸಂಪರ್ಕದ ದಾಖಲೆ, ಎಂಜಿನಿಯರ್ ಪತ್ರ ಇಟ್ಟುಕೊಳ್ಳಿ. ಗೃಹಪ್ರವೇಶದ ಕಾರ್ಡು ದಾಖಲೆಯಾಗುವುದಿಲ್ಲ, ಎಷ್ಟೇ ಚೆನ್ನಾಗಿ ಅಚ್ಚು ಮಾಡಿಸಿದ್ದರೂ.

ಈ ಬಡ್ಡಿ ಮಿತಿಯ ಮಾತು ಹಳೆ ಪದ್ಧತಿಯವರಿಗೆ. ಸಂಬಳ 12,75,000 ದಾಟದ, ಬೇರೆ ಆದಾಯವಿಲ್ಲದವರು ಹೊಸ ಪದ್ಧತಿಯಲ್ಲಿದ್ದರೆ 2025-26ಕ್ಕೆ ಸಂಬಳದ ಮೇಲೆ ತೆರಿಗೆಯೇ ಬರದು. ಅಂಥವರು ಉಳಿತಾಯಕ್ಕೆಂದು ಸಾಲದ ಅಸಲು ಕಟ್ಟಲು ಕೈಸಾಲ ಮಾಡುವುದನ್ನು ನೋಡಿದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಷೇರು ಮಾರಿದ ಲಾಭ, ಸೈಟು ಮಾರಿದ ಲಾಭ ಇದ್ದರೆ ಮಾತ್ರ ಲೆಕ್ಕ ಬೇರೆ, ತೋರಿಸಿ ಕೇಳಿ.

ಸೋಲಾರ್ ಹಾಕಿಸಲು ನಿರ್ಧರಿಸಿದವರು ಅರ್ಜಿಗೆ ಮುಂಚೆ ಕರೆಂಟ್ ಬಿಲ್‌ನಲ್ಲಿ ಆರ್‌ಆರ್ ನಂಬರ್ ಪಕ್ಕದ ಹೆಸರು ಓದಿ. ಎಷ್ಟೋ ಮನೆಗಳಲ್ಲಿ ಅದು ತೀರಿಹೋದ ತಂದೆಯ ಹೆಸರು, ಅಥವಾ ಮನೆ ಮಾರಿ ಹೋದವರ ಹೆಸರು. ಅರ್ಜಿ, ಮೀಟರು, ಬ್ಯಾಂಕ್ ಖಾತೆ ಮೂರರಲ್ಲೂ ಒಬ್ಬರದೇ ಹೆಸರಿಲ್ಲದಿದ್ದರೆ ಪ್ಯಾನೆಲ್ ಮೇಲೆ ಕೂತಿರುತ್ತದೆ, 78,000 ಮಾತ್ರ ಬರುವುದಿಲ್ಲ. ಎಸ್ಕಾಂ ಉಪವಿಭಾಗ ಕಚೇರಿಯಲ್ಲಿ ಮೊದಲು ಹೆಸರು ಬದಲಾವಣೆ ಮಾಡಿಸಿ. ಮರಣ ಪ್ರಮಾಣಪತ್ರ, ಖಾತೆ ನಕಲು, ಉಳಿದ ವಾರಸುದಾರರ ಒಪ್ಪಿಗೆ ಕೇಳುತ್ತಾರೆ. ಒಪ್ಪಿಗೆಗೆ ಅಕ್ಕತಂಗಿಯರ ಸಹಿಯೂ ಬೇಕಾಗುತ್ತದೆ, ಯುಗಾದಿಗೆ ಎಲ್ಲರೂ ಮನೆಗೆ ಬಂದಾಗಲೇ ಆ ಕೆಲಸ ಮುಗಿಸಿಕೊಳ್ಳಿ.