ಒಂದು ಕಾಲಂ ಬದಲಿಸಿದರೆ ಪೋಸ್ಟ್‌ಗ್ರೆಸ್ ಎಷ್ಟು ಬರೆಯುತ್ತದೆ?

ವೆಬ್ ಅಪ್ಲಿಕೇಶನ್ ನಿಧಾನವಾದರೆ ಎಲ್ಲರ ಕಣ್ಣು ಮೊದಲು ಹೋಗುವುದು ಮಾಹಿತಿ ಓದುವ ಸೆಲೆಕ್ಟ್ ಕ್ವೆರಿಗಳ ಕಡೆಗೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವ ಕಡೆ ನಾನು ಮೊದಲು ಇದ್ದ ಮಾಹಿತಿ ಬದಲಿಸುವ ಅಪ್‌ಡೇಟ್‌ಗಳನ್ನು ನೋಡುತ್ತೇನೆ.

ಪೋಸ್ಟ್‌ಗ್ರೆಸ್ ಇದ್ದ ಜಾಗದಲ್ಲೇ ತಿದ್ದುವುದಿಲ್ಲ. ಒಂದೇ ಕಾಲಂ ಬದಲಾದರೂ ಆ ಸಾಲಿನ ಹೊಸ ಪ್ರತಿ ಬರೆಯುತ್ತದೆ. ಹಳೆಯದು ಸಾಮಾನ್ಯವಾಗಿ ವ್ಯಾಕ್ಯೂಮ್ ಎಂಬ ಗುಡಿಸುವ ಕೆಲಸ ನಡೆಯುವವರೆಗೆ ಅಲ್ಲೇ ಬಿದ್ದಿರುತ್ತದೆ. ಇದ್ದ ಮೌಲ್ಯವನ್ನೇ ಮತ್ತೆ ಬರೆದರೂ ಅಷ್ಟೇ, ಹೊಸ ಪ್ರತಿ ಹುಟ್ಟುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿಯ ದಾರಿ ಬೇರೆ. ಅದು ಸಾಮಾನ್ಯವಾಗಿ ಅಲ್ಲೇ ತಿದ್ದಿ, ಹಳೆಯದನ್ನು ಅಂಡೂ ಲಾಗ್‌ನಲ್ಲಿ ಇಡುತ್ತದೆ.

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಸುಮ್ನೆ ಸೇವ್ ಎಂದು ಕರೆದರೆ ಎಲ್ಲ ಕಾಲಂಗಳೂ ಅಪ್‌ಡೇಟ್‌ಗೆ ಹೋಗುತ್ತವೆ. ಬಳಕೆದಾರರು ಹೆಸರು ತಿದ್ದಿದರು ಅಂದುಕೊಳ್ಳಿ. ಅದೇ ಹೊತ್ತಿಗೆ ಇನ್ನೊಂದು ರಿಕ್ವೆಸ್ಟ್ ಫೋನ್ ನಂಬರ್ ಬದಲಿಸಿದ್ದರೆ, ಹೆಸರಿನ ಜೊತೆ ಹೋದ ಹಳೆಯ ನಂಬರ್ ಅದನ್ನು ಅಳಿಸಿಬಿಡುತ್ತದೆ. ವೇಗಕ್ಕಿಂತ ದೊಡ್ಡ ತೊಂದರೆ ಇದು, ಅಲ್ವಾ? ಅಪ್‌ಡೇಟ್ ಫೀಲ್ಡ್ಸ್‌ನಲ್ಲಿ ಬದಲಾದ ಕಾಲಂ ಮಾತ್ರ ಕೊಡಿ. ರೂಬಿಯ ರೈಲ್ಸ್ ಇದನ್ನು ತಾನೇ ಮಾಡುತ್ತದೆ. ಜಾವಾದ ಹೈಬರ್ನೇಟ್‌ಗೆ ಡೈನಾಮಿಕ್ ಅಪ್‌ಡೇಟ್ ಹಾಕಬೇಕು.

ಜಾಸ್ತಿ ಹೊಡೆತ ಬೀಳುವುದು ಮಾತ್ರ ಇಂಡೆಕ್ಸ್‌ಗಳಿಂದ, ಅಂದರೆ ಸಾಲುಗಳನ್ನು ಬೇಗ ಹುಡುಕಲು ಇಡುವ ಪಟ್ಟಿಗಳಿಂದ. 2008ರ 8.3 ಆವೃತ್ತಿಯಲ್ಲಿ ಹಾಟ್ ಅಪ್‌ಡೇಟ್ ಎಂಬ ಒಳ್ಳೆಯ ಸೌಲಭ್ಯ ಬಂತು. ಅದಕ್ಕೆ ಎರಡು ಷರತ್ತು: ಬಿ-ಟ್ರೀಯಂಥ ಸಾಮಾನ್ಯ ಇಂಡೆಕ್ಸ್ ಇರುವ ಯಾವ ಕಾಲಂ ಕೂಡ ಬದಲಾಗಿರಬಾರದು, ಹೊಸ ಪ್ರತಿಗೆ ಹಳೆಯದು ಇರುವ ಅದೇ 8 ಕೆಬಿ ಪೇಜ್‌ನಲ್ಲಿ (ಟೇಬಲ್ ಶೇಖರಿಸುವ ತುಂಡಿನಲ್ಲಿ) ಜಾಗ ಇರಬೇಕು. ಆಗ ಇಂಡೆಕ್ಸ್‌ಗಳನ್ನು ಮುಟ್ಟುವ ಕೆಲಸವೇ ಇಲ್ಲ.

ಈಗ ಯೂಸರ್ಸ್ ಟೇಬಲ್‌ನ ‘ಕೊನೆಯ ಭೇಟಿ’ ಕಾಲಂ ನೋಡಿ. ಪ್ರತಿ ರಿಕ್ವೆಸ್ಟ್‌ಗೂ ಅದು ಬದಲಾಗುತ್ತದೆ. ಯಾರೋ ಒಂದು ರಿಪೋರ್ಟ್‌ಗಾಗಿ ಅದರ ಮೇಲೆ ಬಿ-ಟ್ರೀ ಇಂಡೆಕ್ಸ್ ಹಾಕುತ್ತಾರೆ. ಅಲ್ಲಿಂದ ಹಾಟ್ ನಿಂತುಹೋಯಿತು. ಟೇಬಲ್‌ಗೆ ಅಂಥ ಏಳು ಇಂಡೆಕ್ಸ್ ಇದ್ದರೆ ಪ್ರತಿ ಭೇಟಿಗೂ ಏಳರಲ್ಲೂ ಹೊಸ ನಮೂದು. ವ್ಯಾಕ್ಯೂಮ್ ಅನ್ನು ತಾನಾಗಿ ಓಡಿಸುವ ಆಟೊವ್ಯಾಕ್ಯೂಮ್‌ನ ಡಿಫಾಲ್ಟ್ ಮಿತಿ ಶೇ. 20. ಅಂದರೆ ಒಂದು ಕೋಟಿ ಸಾಲಿನ ಟೇಬಲ್‌ನಲ್ಲಿ ಸುಮಾರು 20 ಲಕ್ಷ ಸತ್ತ ಸಾಲು (ಬೇಡವಾದ ಹಳೆಯ ಪ್ರತಿ) ಸೇರಿದ ಮೇಲೆಯೇ ಅದು ಕೆಲಸಕ್ಕೆ ಇಳಿಯುತ್ತದೆ.

ಆ ಕಾಲಂ ಅನ್ನು ಎರಡೇ ಕಾಲಂನ ಬೇರೆ ಟೇಬಲ್‌ಗೆ ಹಾಕಿ ಎಂಬುದೇ ನನ್ನ ಮೊದಲ ಸಲಹೆ. ಐದು ನಿಮಿಷಕ್ಕಿಂತ ಹಳೆಯದಾಗಿದ್ದರೆ ಮಾತ್ರ ಬರೆಯುವಂತೆ ವೇರ್ ಷರತ್ತು ಸೇರಿಸಿ. ಹೆಚ್ಚಿನ ಸೈಟ್‌ಗಳಿಗೆ ಅಷ್ಟು ನಿಖರತೆ ಧಾರಾಳ ಸಾಕು. ಪೇಜ್ ಶೇಕಡಾ ಎಷ್ಟು ತುಂಬಬೇಕು ಎಂದು ಹೇಳುವ ಫಿಲ್‌ಫ್ಯಾಕ್ಟರ್ ಡಿಫಾಲ್ಟ್ 100 ಇರುತ್ತದೆ. 85–90ಕ್ಕೆ ಇಳಿಸಿದರೆ ಹೊಸದಾಗಿ ತುಂಬುವ ಪೇಜ್‌ಗಳಲ್ಲಿ ಜಾಗ ಉಳಿಯುತ್ತದೆ. ಒಟ್ಟು ಅಪ್‌ಡೇಟ್‌ಗಳಲ್ಲಿ ಹಾಟ್ ಎಷ್ಟು ಎಂಬ ಲೆಕ್ಕವನ್ನು ಪೋಸ್ಟ್‌ಗ್ರೆಸ್ ತಾನೇ ಇಡುತ್ತದೆ. ಪಿಜಿ ಸ್ಟ್ಯಾಟ್ ಯೂಸರ್ ಟೇಬಲ್ಸ್ ನೋಡಿದರೆ ಸಿಗುತ್ತದೆ.

ಲೂಪ್ ಹಾಕಿ ಒಂದೊಂದೇ ಸಾಲು ಅಪ್‌ಡೇಟ್ ಮಾಡುವವರಿಗೆ ಒಂದು ಮಾತು. ಡೇಟಾಬೇಸ್‌ಗೆ ಒಮ್ಮೆ ಹೋಗಿಬರಲು ಒಂದು ಮಿಲಿಸೆಕೆಂಡ್ ಅಂದರೂ 10,000 ಸಾಲಿಗೆ 10 ಸೆಕೆಂಡ್ ದಾರಿಯಲ್ಲೇ ಕಳೆಯುತ್ತದೆ. ಹೊಸ ಮೌಲ್ಯಗಳ ಪಟ್ಟಿಯನ್ನು ಒಂದೇ ಸ್ಟೇಟ್‌ಮೆಂಟ್‌ನಲ್ಲಿ ಕಳಿಸಿ. ಲಕ್ಷಗಟ್ಟಲೆ ಸಾಲಿದ್ದರೆ ಮಾತ್ರ ಕೆಲವು ಸಾವಿರದ ಕಂತುಗಳಲ್ಲಿ ಮಾಡಿ, ಪ್ರತಿ ಕಂತಿಗೂ ಕಮಿಟ್ ಹಾಕಿ (ಬದಲಾವಣೆ ಖಾಯಂ ಮಾಡಿ). ಬದಲಿಸಿದ ಸಾಲುಗಳ ಲಾಕ್ ಕಮಿಟ್ ಆಗುವವರೆಗೆ ಬಿಡುವುದಿಲ್ಲ. ಉದ್ದದ ಟ್ರಾನ್ಸಾಕ್ಷನ್ ತೆರೆದಿರುವಷ್ಟು ಹೊತ್ತು, ಅದು ಶುರುವಾದ ಮೇಲೆ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ತೆಗೆಯಲೂ ಆಗದು.