ಪೈಥಾನ್ 2 ಬಿಟ್ಟು ಬರಲು ಇಷ್ಟು ವರ್ಷ ಯಾಕೆ ಬೇಕಾಯಿತು?

ಮೈಸೂರು, ಮಂಡ್ಯದ ಕಾಲೇಜು ಲ್ಯಾಬ್‌ಗಳಲ್ಲಿ ಈಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುವ ಹೆಚ್ಚಿನ ಮಕ್ಕಳು ಹುಟ್ಟಿದ್ದು ಪೈಥಾನ್ 3 ಬಂದ ಆಸುಪಾಸಿನಲ್ಲಿ. ಅದರ ಮೊದಲ ಆವೃತ್ತಿ ಹೊರಬಂದಿದ್ದು 2008ರ ಡಿಸೆಂಬರ್ 3ರಂದು. ಆದರೂ ಪೈಥಾನ್ 2ರಲ್ಲಿ ಬರೆದ ಹಳೇ ಪ್ರಾಜೆಕ್ಟ್ ಒಂದನ್ನು ತೆರೆದು ಈಗ ಓಡಿಸಿದರೆ ಪ್ರಿಂಟ್ ಸಾಲಿನಲ್ಲೇ ಎರರ್ ಬರುತ್ತದೆ. ಬ್ರಾಕೆಟ್ ಹಾಕಿದರೆ ಮುಗೀತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಬದಲಾವಣೆಯ ತಿರುಳು ಬ್ರಾಕೆಟ್ ಅಲ್ಲ, ಅಕ್ಷರ. ಹಾಗಾಗಿ ಇದು ಕನ್ನಡಿಗರಿಗೆ ತುಂಬ ಹತ್ತಿರದ ವಿಷಯ.

ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ ಕಂಪ್ಯೂಟರಿನ ಪುಟ್ಟ ಪುಟ್ಟ ಸಂಖ್ಯೆಗಳಾಗಿ, ಬರೆದಿಡುವ ಒಂದು ಪದ್ಧತಿ ಯುಟಿಎಫ್-8. ಅದರಲ್ಲಿ ಬರೆದ ‘ಮೈಸೂರು’ ಎಂಬ ಪದದ ಉದ್ದ ಎಷ್ಟು ಅಂತ ಕೇಳಿದರೆ ಪೈಥಾನ್ 2 ಸಾಮಾನ್ಯವಾಗಿ 18 ಅನ್ನುತ್ತಿತ್ತು. ಪೈಥಾನ್ 3 ಕೊಡುವ ಉತ್ತರ 6. ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು ಆರು ಸಂಕೇತ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಹಳೇ ಪೈಥಾನ್ ಎಣಿಸುತ್ತಿದ್ದದ್ದು ಬೈಟ್‌ಗಳನ್ನು. ಮೊದಲ ನಾಲ್ಕನ್ನು ಕತ್ತರಿಸಿ ಕೊಡು ಅಂದರೆ ಅಕ್ಷರದ ನಡುವೆಯೇ ಕತ್ತರಿ ಬೀಳುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪೈಥಾನ್ 2ರಲ್ಲಿ ಬೈಟ್ ಸರಮಾಲೆ ಮತ್ತು ಯುನಿಕೋಡ್ (ಎಲ್ಲಾ ಲಿಪಿಗಳಿಗೂ ಸಂಕೇತ ಕೊಡುವ ವ್ಯವಸ್ಥೆ) ಪಠ್ಯ ಎರಡನ್ನೂ ಸೇರಿಸಲು ಹೋದರೆ, ಅದು ಬೈಟ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಹಳೇ ಆಸ್ಕಿ ಸಂಕೇತ ಅಂತಲೇ ನಂಬಿಬಿಡುತ್ತಿತ್ತು. ಇಂಗ್ಲಿಷ್ ಹೆಸರುಗಳಿರುವವರೆಗೆ ಎಲ್ಲಾ ಸರಿ. ಒಂದು ಕನ್ನಡ ಹೆಸರು ಬಂದ ಕೂಡಲೇ ಪ್ರೋಗ್ರಾಂ ನಿಂತುಹೋಗುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಇ0 (E0) ಎಂಬ ಬೈಟ್‌ನಿಂದಲೇ ಶುರುವಾಗುತ್ತದೆ. ಆ ಎರರ್ ಸಂದೇಶದಲ್ಲಿ ಇ0 ನೋಡಿ ನೋಡಿ ಬೇಸತ್ತವರು ನಮ್ಮಲ್ಲಿ ಕಡಿಮೆಯೇನಲ್ಲ. ಹೊಸ ಪೈಥಾನ್ ಪಠ್ಯವೇ ಬೇರೆ, ಬೈಟ್ ಬೇರೆ ಎಂದು ಗೆರೆ ಎಳೆಯಿತು. ಹಳೇ ಕೋಡ್ ಮುರಿದರೂ ಪರವಾಗಿಲ್ಲ ಎಂಬ ಆ ತೀರ್ಮಾನ ಸರಿಯಾಗಿತ್ತು ಅಂತಲೇ ನನ್ನ ಅಭಿಪ್ರಾಯ. ನಮ್ಮಂಥ ಲಿಪಿಗಳಿಗೆ ಬೇರೆ ದಾರಿ ಇರಲಿಲ್ಲ.

ಆದರೆ ಅದರ ಭಾರ ಹೊತ್ತವರು ಯಾರು? ಡೆಬಿಯನ್, ಉಬುಂಟು, ಫೆಡೋರಾದಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಪ್ಯಾಕೇಜ್, ಅಂದರೆ ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿಟ್ಟ ತಂತ್ರಾಂಶ, ನೋಡಿಕೊಳ್ಳುವವರು. ಅವರಲ್ಲಿ ಬಹಳ ಮಂದಿ ಸ್ವಯಂಸೇವಕರು.

ನಿಮ್ಮದೇ ಒಂದು ಪ್ರೋಗ್ರಾಂ ಬದಲಾಯಿಸುವುದಕ್ಕೂ ಪ್ಯಾಕೇಜ್ ಬದಲಾಯಿಸುವುದಕ್ಕೂ ತುಂಬ ವ್ಯತ್ಯಾಸವಿದೆ. ಒಂದು ಪ್ಯಾಕೇಜ್ ಬೇರೆಯವರು ಬರೆದಿಟ್ಟ ಹತ್ತು ಲೈಬ್ರರಿಗಳನ್ನು (ಸಿದ್ಧ ಕೋಡ್‌ಗಳನ್ನು) ನೆಚ್ಚಿಕೊಂಡಿರುತ್ತದೆ. ಆ ಹತ್ತೂ ಪೈಥಾನ್ 3ಕ್ಕೆ ಬರುವ ತನಕ ಇದು ಅಲ್ಲಾಡುವಂತಿಲ್ಲ. ವಿ.ಸಿ. ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೆ ಭಾಗದ ಗದ್ದೆ ತಲುಪುವ ಹಾಗೆ, ಮೇಲೆ ಎಲ್ಲಿ ತಡೆದರೂ ಕೆಳಗಿನವರು ಕಾಯಲೇಬೇಕು. ತೆಗೆಯುವಾಗ ಲೆಕ್ಕ ಉಲ್ಟಾ. ಯಾರಾದರೂ ಬಳಸುತ್ತಿರುವವರೆಗೆ ಲೈಬ್ರರಿಯ ಹಳೇ ಆವೃತ್ತಿಯನ್ನು ಕಿತ್ತುಹಾಕುವಂತಿಲ್ಲ.

ಹಾಗಾಗಿ ವರ್ಷಗಟ್ಟಲೆ ಪೈಥಾನ್ 2, ಪೈಥಾನ್ 3 ಎರಡನ್ನೂ ಒಟ್ಟಿಗೆ ಸಾಕಬೇಕಾಯಿತು. ಎರಡರಲ್ಲೂ ಓಡುವ ಕೋಡ್ ಬರೆಯಲು ‘ಸಿಕ್ಸ್’ ಎಂಬ ಲೈಬ್ರರಿ ಬಂತು. ಎರಡು ಮೂರಲಿ ಆರು, ಅದಕ್ಕೇ ಆ ಹೆಸರು. 2012ರಲ್ಲಿ ಬಂದ ಪೈಥಾನ್ 3.3, ಯುನಿಕೋಡ್ ಪಠ್ಯದ ಮುಂದೆ ಹಾಕುತ್ತಿದ್ದ ಹಳೇ ‘ಯು’ ಗುರುತನ್ನು ಮತ್ತೆ ಒಪ್ಪಿಕೊಂಡಿತು. ಚಿಕ್ಕ ರಿಯಾಯಿತಿ, ಆದರೆ ಅದರಿಂದ ಕೆಲಸ ಎಷ್ಟೋ ಹಗುರಾಯಿತು. ಪೈಥಾನ್ 2ರ ಕೊನೆಯ ಸರಣಿಯಾದ 2.7ಕ್ಕೆ ಬೆಂಬಲ 2015ಕ್ಕೆ ಮುಗಿಯುತ್ತದೆ ಎಂದಿತ್ತು. 2014ರಲ್ಲಿ ಅದನ್ನು 2020ಕ್ಕೆ ಮುಂದೂಡಿದರು. ಕೊನೆಯ ಬಿಡುಗಡೆ 2.7.18 ಬಂದಿದ್ದು 2020ರ ಏಪ್ರಿಲ್‌ನಲ್ಲಿ.

ಇ-ಪುಸ್ತಕ ಓದುವವರಿಗೆ ಗೊತ್ತಿರುವ ಕ್ಯಾಲಿಬರ್ ತಂತ್ರಾಂಶವನ್ನೇ ನೋಡಿ. ಅದನ್ನು ಬರೆದ ಕೋವಿದ್ ಗೋಯಲ್ ಮೊದಲು, ಬೇಕಾದರೆ ಪೈಥಾನ್ 2 ಅನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಿದ್ದರು. ಕೊನೆಗೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ಕ್ಯಾಲಿಬರ್ 5 ಪೈಥಾನ್ 3ಕ್ಕೆ ಬಂತು. ಹೊರಗಿನವರು ಬರೆದ ಎಷ್ಟೋ ಪ್ಲಗಿನ್‌ಗಳು (ಹೆಚ್ಚುವರಿ ಸೌಲಭ್ಯದ ತುಣುಕುಗಳು) ಆಗ ಕೆಲಸ ನಿಲ್ಲಿಸಿದವು. ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನ ಕಥೆ ಇನ್ನೂ ಉದ್ದ. ಅದರ ಪ್ಲಗಿನ್‌ಗಳಿಗೆ ಪೈಥಾನ್ 3 ಸರಿಯಾಗಿ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ, ಗಿಂಪ್ 3.0 ಬಂದಾಗ.

ಡೆಬಿಯನ್ 11ರಲ್ಲಿ ಪೈಥಾನ್ 2.7 ಇತ್ತು, ಆದರೆ ಕೆಲವು ಪ್ಯಾಕೇಜ್ ಕಟ್ಟುವುದಕ್ಕೆ (ಬಿಲ್ಡ್ ಮಾಡುವುದಕ್ಕೆ) ಬೇಕು ಅಂತ ಮಾತ್ರ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಅದೂ ಇಲ್ಲ. ಪೈಥಾನ್ 3 ಹುಟ್ಟಿ ಹದಿನಾಲ್ಕು ವರ್ಷ ದಾಟಿತ್ತು.

ಈಗ ಎಲ್ಲಾ ಮುಗೀತಾ? ಇಲ್ಲ. ಪೈಥಾನ್ ಈಗ ವರ್ಷಕ್ಕೊಂದು ಹೊಸ ಆವೃತ್ತಿ ಕೊಡುತ್ತದೆ, ಪ್ರತಿ ಸಲವೂ ಏನಾದರೂ ಹೋಗುತ್ತದೆ. 2023ರ 3.12ರಲ್ಲಿ ಪ್ಯಾಕೇಜ್ ಕಟ್ಟುವ ಹಳೇ ಉಪಕರಣ ಡಿಸ್ಟ್‌ಯುಟಿಲ್ಸ್ ಹೋಯಿತು. ಅದನ್ನೇ ನಂಬಿ ಕಟ್ಟುತ್ತಿದ್ದ ಪ್ಯಾಕೇಜ್‌ಗಳು ಒಮ್ಮೆಗೇ ಕೆಟ್ಟವು. 2024ರ 3.13ರಲ್ಲಿ ಸಿಜಿಐ, ಟೆಲ್ನೆಟ್‌ಲಿಬ್ ಸೇರಿ ಪೈಥಾನ್ ಜೊತೆಗೇ ಬರುತ್ತಿದ್ದ 19 ಹಳೇ ಮಾಡ್ಯೂಲ್‌ಗಳು (ಸಿದ್ಧ ಕೋಡ್ ತುಣುಕುಗಳು) ಹೋದವು. ಹಳೇ ಕೋಡ್ ತಿದ್ದುತ್ತಿದ್ದ 2ಟು3 ಉಪಕರಣವೂ ಅದೇ ಆವೃತ್ತಿಯಲ್ಲಿ ಹೋಯಿತು. ಸಿ ಭಾಷೆಯ ತುಣುಕು ಇರುವ ಪ್ಯಾಕೇಜ್‌ಗಳಲ್ಲಿ ಹೆಚ್ಚಿನವನ್ನು ಪ್ರತಿ ಆವೃತ್ತಿಗೂ ಮತ್ತೆ ಕಟ್ಟಲೇಬೇಕು.

ಈ ಕೆಲಸಕ್ಕೆ ಜನ ಸಾಲುತ್ತಿಲ್ಲ. ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಫೈನಲ್ ಇಯರ್ ಪ್ರಾಜೆಕ್ಟ್ ನನಗೆ ಹೊಳೆಯುತ್ತಿಲ್ಲ. ಡೆಬಿಯನ್‌ನ ಬಗ್ ಪಟ್ಟಿಯಲ್ಲಿ ಹೊಸ ಪೈಥಾನ್‌ನಲ್ಲಿ ಕಟ್ಟಲಾಗದ ಒಂದು ಚಿಕ್ಕ ಪ್ಯಾಕೇಜ್ ಆರಿಸಿಕೊಳ್ಳಿ. ಅದನ್ನು ಕಟ್ಟಿ, ಆಗ ಬರುವ ಸಂದೇಶಗಳ ಲಾಗ್ ಓದಿ, ಎಲ್ಲಿ ಮುರಿದಿದೆ ನೋಡಿ. ಸರಿಪಡಿಸಿದ್ದನ್ನು ಮೊದಲು ಮೂಲ ಲೇಖಕರಿಗೆ ಕಳಿಸಿ, ಆಮೇಲೆ ಡೆಬಿಯನ್‌ಗೆ. ಪರೀಕ್ಷಿಸುವಾಗ ಒಂದೆರಡು ಕನ್ನಡ ಹೆಸರುಗಳನ್ನೂ ಕೊಟ್ಟು ನೋಡಿ. ಬೇರೆ ಊರಿನವರು ಹಾಗೆ ಪರೀಕ್ಷಿಸುವುದು ಅಪರೂಪ.