ಸಾಲ್ಮನ್ ತತ್ತಿಗೆ ನೀರು ತಾಗಿಸಬೇಡಿ

ನಮ್ಮ ದಾವಣಗೆರೆ ಕಡೆ ಕೆರೆಗೆ ಮೀನುಮರಿ ಬಿಡುವುದನ್ನು ನೋಡಿದ್ದೀರಾ? ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಬಂದ ಕೂಡಲೇ ಸುರಿಯುವುದಿಲ್ಲ, ಒಳಗಿನ ನೀರು ಕೆರೆ ನೀರಿಗೆ ಹೊಂದಿಕೊಳ್ಳಲಿ ಅಂತ ಚೀಲವನ್ನು ಕಟ್ಟಿದ ಹಾಗೇ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚುತ್ತಾರೆ. ಕಾಟ್ಲಾ, ರೋಹು ಸೂಳೆಕೆರೆಯಂಥ ನಿಂತ ನೀರಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ಮರಿ ಮಾಡಲು ಅವಕ್ಕೆ ತುಂಬಿ ಹರಿಯುವ ಹೊಳೆ ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನುಗಳಿಂದ ತತ್ತಿ ಇಡಿಸಿದ ಮೇಲೇ ಈ ಚೀಲದ ವ್ಯವಹಾರ ಸಲೀಸಾಯಿತು.

ಅಮೆರಿಕದ ಅಲಾಸ್ಕಾದ ಸಾಲ್ಮನ್ ಮೀನಿಗೆ ಈ ಇಂಜೆಕ್ಷನ್ ಗೋಜಿಲ್ಲ. ಕಾಲ ಬಂದಾಗ ಸಮುದ್ರ ಬಿಟ್ಟು ತಾನು ಹುಟ್ಟಿದ ಹೊಳೆಗೇ ಬರುತ್ತದೆ. ಕಷ್ಟ ಇರುವುದು ಹ್ಯಾಚರಿಗೆ, ಅಂದರೆ ಮೀನುಮರಿ ಮಾಡುವ ಕೇಂದ್ರಕ್ಕೆ, ತತ್ತಿ ತರಲು ಅಲ್ಲಿಗೆ ಹೋಗುವವರಿಗೆ. ಎಷ್ಟೋ ಕಡೆ ರಸ್ತೆಯೇ ಇಲ್ಲ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಜನ, ಬಲೆ, ಬಕೆಟ್, ಐಸ್ ಎಲ್ಲ ಹೋಗಬೇಕು.

ಬಲೆಗೆ ಬಿದ್ದ ಹೆಣ್ಣುಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ತತ್ತಿ ಸಡಿಲವಾಗಿ ಜಾರಿ ಬಂದರೆ ಹದ ಬಂದಿದೆ ಅಂತ ಲೆಕ್ಕ. ಮೀನನ್ನು ಕೊಂದು, ರಕ್ತ ಬಸಿದು, ಮೈ ಒರೆಸಿ ಒಣಗಿಸಿ, ಹೊಟ್ಟೆ ಸೀಳಿದರೆ ಕಿತ್ತಳೆ ಬಣ್ಣದ ತತ್ತಿಗಳು ಸಾವಿರಗಟ್ಟಲೆ ಒಣ ಬಕೆಟ್ಟಿಗೆ ಬೀಳುತ್ತವೆ. ಅದಕ್ಕೆ ಒಂದು ಹನಿ ನೀರೂ ಬೀಳಬಾರದು! ಯಾಕೆಂದರೆ ಗಂಡಿನ ವೀರ್ಯಾಣುಗಳು ನೀರು ತಾಗಿದ ಕ್ಷಣವೇ ಎಚ್ಚರಗೊಂಡು ಈಜತೊಡಗುತ್ತವೆ, ಒಂದು ನಿಮಿಷದೊಳಗೆ ಸುಸ್ತಾಗಿ ನಿಲ್ಲುತ್ತವೆ. ಇತ್ತ ತತ್ತಿಯೂ ನೀರು ಕುಡಿದು ಉಬ್ಬುತ್ತದೆ, ವೀರ್ಯಾಣು ಒಳಹೋಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ನೀರು ತಾಗದಿದ್ದರೆ ಎರಡೂ ಸುಮ್ನೆ ಕಾಯುತ್ತವೆ. ಹಾಗಾಗಿ ತತ್ತಿ ಬೇರೆ, ವೀರ್ಯ ಬೇರೆ ಇಟ್ಟು, ತಣ್ಣಗೆ ವಿಮಾನ ಹತ್ತಿಸಿ, ಹ್ಯಾಚರಿ ತಲುಪಿದ ಮೇಲೆ ಬೆರೆಸಿ ನೀರು ಹಾಕಬಹುದು. ದೂರದ ಕಾಡಿನಿಂದ ತತ್ತಿ ತರಲು ಆಗುವುದೇ ಈ ಒಂದು ಗುಣದಿಂದ.

ಬೆರೆಸಿದ ಮೇಲೂ ನಿರಾಳವಿಲ್ಲ. ಮೊದಲ ಒಂದೆರಡು ದಿನ ಕಳೆದರೆ ತತ್ತಿಯನ್ನು ಅಲುಗಿಸುವಂತಿಲ್ಲ, ಕುಲುಕಿದರೆ ಭ್ರೂಣ ಸಾಯುತ್ತದೆ. ಒಳಗೆ ಎರಡು ಕಪ್ಪು ಕಣ್ಣು ಕಾಣಿಸಿಕೊಂಡ ಮೇಲೆ ಮತ್ತೆ ಗಟ್ಟಿ.

ಮೀನನ್ನು ಕೊಲ್ಲುವುದು ಪಾಪ ಅಲ್ವಾ ಅನ್ನಬಹುದು. ಅಲಾಸ್ಕಾದ ಈ ಪೆಸಿಫಿಕ್ ಸಾಲ್ಮನ್ ತತ್ತಿ ಇಟ್ಟ ಮೇಲೆ ಹೇಗೂ ಸಾಯುತ್ತದೆ. ನನಗೆ ಚಿಂತೆ ಅನ್ನಿಸುವುದು ಬೇರೆ. ಸತ್ತ ಮೀನು ಕರಡಿಗೆ ಊಟ, ಹೊಳೆಗೆ ಗೊಬ್ಬರ. ಜಾಸ್ತಿ ಹಿಡಿದರೆ ಅದೂ ಹೋಯಿತು. ಇನ್ನು ನಾಲ್ಕೈದು ಮೀನಿನಿಂದಲೇ ಸಾವಿರಾರು ತತ್ತಿ ಸಿಕ್ಕಿತು ಅಂತ ಅಲ್ಲಿಗೇ ಮುಗಿಸಿದರೆ ಮುಂದಿನ ಪೀಳಿಗೆಯೆಲ್ಲ ಅಣ್ಣತಮ್ಮಂದಿರೇ. ಅದಕ್ಕೇ ತುಂಬಾ ಜೋಡಿಗಳಿಂದ ತತ್ತಿ ತೆಗೆಯಬೇಕು, ಹೊಳೆಯಲ್ಲಿ ತಾನಾಗಿ ತತ್ತಿ ಇಡಲು ಸಾಕಷ್ಟು ಮೀನನ್ನೂ ಬಿಡಬೇಕು.